ಹೆಸರು ಧಣಿಯದು, ಬರಹ ಕೂಲಿಯದು

ಗುತ್ತಿಯಿಂದ ಪತ್ತಿಕೊಂಡದ ಕಡೆಗೆ ಹೋಗುವಾಗ ಎರ್ರಗುಡಿ ಎಂಬ ಹಳ್ಳಿ ಸಿಗುತ್ತದೆ. ಅಲ್ಲಿನ ಗುಡ್ಡದ ಬಂಡೆಗಳ ಮೇಲೆ ಅಶೋಕ ಬರೆಸಿದ ಹದಿನಾಲ್ಕು ದೊಡ್ಡ ಶಾಸನಗಳೂ ಎರಡು ಕಿರುಶಾಸನಗಳೂ ಇವೆ. 1929ರಲ್ಲಿ ಅನು ಘೋಷ್ ಎಂಬ ಭೂವಿಜ್ಞಾನಿ ಕಂಡು ಹೇಳುವವರೆಗೆ ವಿದ್ವಾಂಸರಿಗೆ ಇವುಗಳ ಸುಳಿವೇ ಇರಲಿಲ್ಲ. ಹದಿನಾಲ್ಕನೆಯ ಶಾಸನದಲ್ಲಿ ಚಕ್ರವರ್ತಿ ತನ್ನ ಬರಹಗಳ ಬಗ್ಗೆಯೇ ಮಾತಾಡುತ್ತಾನೆ. ರಾಜ್ಯ ದೊಡ್ಡದು, ಬರೆಸಿದ್ದು ಬಹಳ, ಇನ್ನೂ ಬರೆಸುವುದಿದೆ ಎನ್ನುತ್ತಾನೆ. ವಿಷಯ ಸವಿಯಾದದ್ದು, ಜನ ಅದರಂತೆ ನಡೆಯಲಿ ಎಂದು ಕೆಲವನ್ನು ಮತ್ತೆ ಮತ್ತೆ ಹೇಳಿಸಿದ್ದೇನೆ ಎನ್ನುತ್ತಾನೆ. ಎಲ್ಲಾದರೂ ಅರೆಬರೆಯಾಗಿದ್ದರೆ ಅದಕ್ಕೆ ಜಾಗ ಕಾರಣವಿರಬಹುದು, ಬೇರೇನಾದರೂ ಕಾರಣವಿರಬಹುದು, ಇಲ್ಲವೇ ಲಿಪಿಕಾರನ ತಪ್ಪಿರಬಹುದು ಎಂದೂ ಸೇರಿಸುತ್ತಾನೆ.

ಒಂದೇ ಮಾತನ್ನು ಊರೂರಿನಲ್ಲಿ, ಜನರ ಮನಸ್ಸು ತಿರುಗುವವರೆಗೆ, ಸವಿಯಾಗಿ ಹೇಳಿಸುತ್ತಾ ಹೋಗುವುದು. ಈಗಿನ ಕಂಪನಿಗಳು ಇದನ್ನೇ ಕಂಟೆಂಟ್ ಮಾರ್ಕೆಟಿಂಗ್ ಎಂದು ಕರೆಯುತ್ತವೆ. ಅದಕ್ಕಾಗಿ ತಿಂಗಳ ಸಂಬಳವಿಲ್ಲದ, ಪದಕ್ಕಿಷ್ಟು ಎಂದು ಕೂಲಿ ಪಡೆಯುವ ಫ್ರೀಲಾನ್ಸ್ ಬರಹಗಾರರನ್ನು ಹುಡುಕುತ್ತವೆ. ಎರ್ರಗುಡಿ ಇರುವ ಆಂಧ್ರದ ಕರ್ನೂಲು ಜಿಲ್ಲೆಯ ಆದವಾನಿ ಸೀಮೆಗೆ ಈ ಕಸುಬು ಹೊಸದಲ್ಲ. ಬೇರೊಬ್ಬರ ಹೆಸರಿನಲ್ಲಿ ಬರೆದು ಹೊಟ್ಟೆ ಹೊರೆದವರ ಚರಿತ್ರೆ ಇಲ್ಲಿ ಎರಡು ಸಾವಿರದ ಇನ್ನೂರು ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ. ಮೆಚ್ಚುಗೆ ಬರೆಸಿದವನಿಗೆ, ತಪ್ಪು ಬರೆದವನಿಗೆ ಎಂಬ ಹಂಚಿಕೆಯೂ ಅಷ್ಟೇ ಹಳೆಯದು.

ಎರ್ರಗುಡಿಯ ಕಿರುಶಾಸನವನ್ನು ಬರೆದವನು ಯಾರೋ, ವಿಚಿತ್ರ ಆಸಾಮಿ. ಕೆಲವು ಸಾಲುಗಳನ್ನು ಎಡದಿಂದ ಬಲಕ್ಕೆ ಬರೆದು, ಕೆಲವನ್ನು ಬಲದಿಂದ ಎಡಕ್ಕೆ ತಿರುಗಿಸಿದ್ದಾನೆ. ಬ್ರಾಹ್ಮಿ ಲಿಪಿಯಲ್ಲಿ ಹೀಗೆ ಬರೆಯುವುದು ತೀರ ಅಪರೂಪ. ಅದೇ ಬರಹದಲ್ಲಿ ರಾಜಾಜ್ಞೆಯನ್ನು ಯಾರ್‍ಯಾರಿಗೆ ತಿಳಿಸಬೇಕು ಎಂಬ ಪಟ್ಟಿಯಿದೆ. ಆನೆ ಏರುವವರು, ರಥ ನಡೆಸುವವರು, ಬ್ರಾಹ್ಮಣರು ಇವರ ಜೊತೆಗೆ ‘ಕಾರಣಕ’ರೂ ಇದ್ದಾರೆ. ಇವರು ಲೆಕ್ಕ ಬರೆಯುವ ಲೇಖಕರು ಎನ್ನುವುದು ವಿದ್ವಾಂಸರ ಅಭಿಪ್ರಾಯ. ತಮ್ಮ ಶಿಷ್ಯರಿಗೆ ಹಳೆಯ ಪದ್ಧತಿಯಂತೆ ಕಲಿಸಿರಿ ಎಂದು ಇವರಿಗೆ ಅಪ್ಪಣೆಯಾಗಿದೆ. ಅಂದರೆ ಬರೆಯುವುದು ಆಗಲೇ ಗುರುಗಳಿಂದ ಕಲಿಯುವ ಕಸುಬಾಗಿತ್ತು.

ಈ ಸೀಮೆಯಲ್ಲಿ ಕೆಲಸ ಮಾಡಿದವನ ಹೆಸರು ಉಳಿದಿಲ್ಲ. ಆದರೆ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅದೇ ಅಶೋಕನ ಮಾತುಗಳನ್ನು ಬರೆದ ಚಪಡ ಎಂಬವನು ತನ್ನ ಹೆಸರನ್ನು ಕೊನೆಯಲ್ಲಿ ಸೇರಿಸಿಬಿಟ್ಟ. ಲಿಪಿಕಾರ ಎಂಬ ತನ್ನ ಹುದ್ದೆಯನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕಂಡರಿಸಿದ. ಸುತ್ತಲಿನವರಿಗೆ ಅದನ್ನು ಓದಲು ಬರುತ್ತಿರಲಿಲ್ಲ. ದೂರದಿಂದ ಬಂದ ಕೆಲಸಗಾರ ತನ್ನ ಊರಿನ ಅಕ್ಷರದಲ್ಲಿ ರುಜು ಹಾಕಿ ಹೋದ ಎನ್ನಬೇಕು. ಕನ್ನಡ ನಾಡಿನಲ್ಲಿ ಕೂಲಿಗೆ ಬರೆದವರ ಪೈಕಿ ಹೆಸರು ಸಿಕ್ಕಿರುವ ಮೊದಲಿಗ ಇವನೇ.

ಅಲ್ಲಿಂದ ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಬಂದರೆ ಆದವಾನಿ, ಆಲೂರು, ಬಳ್ಳಾರಿಯ ಸುತ್ತಣ ನೆಲ ಸಿಂದವಾಡಿ ಸಾವಿರ ಎನಿಸಿಕೊಂಡಿತ್ತು. ಕಲ್ಲುಗಳ ಮೇಲಿನ ಭಾಷೆ ಕನ್ನಡ. ಮದರಾಸು ಪ್ರಾಂತದ ಕನ್ನಡ ಶಾಸನಗಳನ್ನು ಒಟ್ಟುಮಾಡಿ ಆರ್. ಶಾಮಾಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣ ರಾವ್ ಸಂಪಾದಿಸಿದ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಒಂಬತ್ತನೆಯ ಸಂಪುಟದ ಮೊದಲ ಭಾಗ 1939ರಲ್ಲಿ ಹೊರಬಂತು. ಆಗ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದವಾನಿ, ಆಲೂರು ತಾಲ್ಲೂಕುಗಳ ಕಲ್ಲುಗಳೂ ಅದರಲ್ಲಿವೆ. ಅಂಥ ಸಂಪುಟ ತಿರುವಿಹಾಕಿದವರಿಗೆ ಶಾಸನ ಬರೆಯುವವರ ಒಳಗುಟ್ಟು ಬೇಗ ತಿಳಿಯುತ್ತದೆ. ಮೊದಲು ದೇವರ ಸ್ತುತಿ. ಆಮೇಲೆ ರಾಜನ ಬಿರುದುಗಳ ಮಾಲೆ. ಅದರ ಹಿಂದೆ ದಾನಿಯ ವಂಶ, ಕೊಟ್ಟ ಭೂಮಿಯ ಎಲ್ಲೆ, ಕೊನೆಯಲ್ಲಿ ಶಾಪ. ದಾನವನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆ ಎಂಬ ಶ್ಲೋಕವನ್ನು ಯಾರೂ ಹೊಸದಾಗಿ ಬರೆಯಬೇಕಿರಲಿಲ್ಲ. ನೂರಾರು ವರ್ಷ, ನೂರಾರು ಊರುಗಳಲ್ಲಿ ಅದೇ ನಡೆಯಿತು. ಸಿದ್ಧ ಅಚ್ಚಿಗೆ ಗಿರಾಕಿಯ ಹೆಸರು ತುಂಬಿಕೊಡುವ ಉಪಾಯವನ್ನು ಕಂಪ್ಯೂಟರ್ ಕಂಡುಹಿಡಿಯಲಿಲ್ಲ.

ಆ ಕಾಲದ ಕೆಲಸದಲ್ಲಿ ಮೂರು ಕೈಗಳಿದ್ದವು. ಕವಿ ಕಟ್ಟುತ್ತಿದ್ದ, ಸೇನಬೋವ ಕಲ್ಲಿನ ಮೇಲೆ ಅಕ್ಷರ ಬರೆದುಕೊಡುತ್ತಿದ್ದ, ರೂವಾರಿ ಕಂಡರಿಸುತ್ತಿದ್ದ. ಸಣ್ಣ ಊರಿನಲ್ಲಿ ಮೊದಲಿನ ಎರಡು ಕೆಲಸ ಒಬ್ಬನದೇ ಆಗುತ್ತಿತ್ತು. ಅನೇಕ ಶಾಸನಗಳ ತುದಿಯಲ್ಲಿ ಇವರ ಹೆಸರುಗಳಿವೆ. ದೊಡ್ಡ ಕವಿಗಳೂ ಇದಕ್ಕೆ ಹಿಂಜರಿದವರಲ್ಲ. ‘ಯಶೋಧರ ಚರಿತೆ’ಯ ಜನ್ನ ಶಾಸನಗಳನ್ನು ರಚಿಸಿದ್ದಾನೆ. ಅದಕ್ಕೂ ಬಹಳ ಮೊದಲು, 634ರಲ್ಲಿ, ಐಹೊಳೆಯ ಮೇಗುತಿಯಲ್ಲಿ ಎರಡನೆಯ ಪುಲಕೇಶಿಯನ್ನು ಹೊಗಳಿ ಬರೆದ ರವಿಕೀರ್ತಿ, ತನ್ನ ಕೀರ್ತಿ ಕಾಳಿದಾಸ ಭಾರವಿಗಳ ಕೀರ್ತಿಗೆ ಸಮ ಎಂದು ಅದೇ ಕಲ್ಲಿನಲ್ಲಿ ಹೇಳಿಕೊಂಡ. ಧಣಿಯ ಜಾಹೀರಾತಿನೊಳಗೆ ತನ್ನದೂ ಒಂದು ಜಾಹೀರಾತು ಸೇರಿಸಿದ ಈ ಜಾಣನಿಗೆ ಕಸುಬಿನವರೆಲ್ಲ ಒಂದು ನಮಸ್ಕಾರ ಹಾಕಬೇಕು.

ಕೂಲಿಯ ಮಾತೂ ಗುಟ್ಟಾಗಿರಲಿಲ್ಲ. ವೇಮುಲವಾಡದ ಅರಿಕೇಸರಿಯನ್ನು ಅರ್ಜುನನೊಂದಿಗೆ ಬೆಸೆದು ಭಾರತ ಬರೆದ ಪಂಪನಿಗೆ ಧರ್ಮಪುರವೆಂಬ ಅಗ್ರಹಾರ ಸಿಕ್ಕಿತು. ಅವನ ತಮ್ಮ ಜಿನವಲ್ಲಭ ಕುರ್ಕ್ಯಾಲದ ಬಂಡೆಯ ಮೇಲೆ ಅದನ್ನು ದಾಖಲು ಮಾಡಿಸಿದ. ವಿಜಯನಗರದ ಹೊತ್ತಿಗೆ ಇದು ಮನೆತನದ ಉದ್ಯಮವೇ ಆಯಿತು. ಕೃಷ್ಣದೇವರಾಯನ ತಾಮ್ರಶಾಸನಗಳನ್ನು ಕಟ್ಟಿದವನು ಸಭಾಪತಿ, ಕಂಡರಿಸಿದವನು ಮಲ್ಲಣನ ಮಗ ವೀರಣಾಚಾರ್ಯ. ಅಚ್ಯುತರಾಯ, ಸದಾಶಿವರಾಯರ ಕಾಲಕ್ಕೂ ಸಭಾಪತಿಯ ಹೆಸರು ಬರುತ್ತದೆ, ಆಮೇಲೆ ಅವನ ವಂಶದವರದು. ಅರಸುಮನೆತನ ಬದಲಾದರೂ ಬರೆಯುವ ಮನೆ, ಕೊರೆಯುವ ಮನೆ ಬದಲಾಗಲಿಲ್ಲ. ವಂಶಾವಳಿಯ ಅದೇ ಸಂಸ್ಕೃತ ಶ್ಲೋಕಗಳು ತಟ್ಟೆಯಿಂದ ತಟ್ಟೆಗೆ ಇಳಿಯುತ್ತಾ ಹೋದವು. ದಾನಕೊಟ್ಟ ಊರಿನ ವೃತ್ತಿಗಳಲ್ಲಿ ಒಂದು ಪಾಲು ಶಾಸನ ಮಾಡಿದವರಿಗೂ ಸಲ್ಲುವುದುಂಟು. ಬರೆದವನ ಹೆಸರೂ ಅವನ ಕೂಲಿಯೂ ಅವನು ಬರೆದ ತಾಮ್ರದಲ್ಲೇ ದಾಖಲಾಗುತ್ತಿದ್ದವು.

   

ತಾಳಿಕೋಟೆ ಯುದ್ಧವಾಗಿ ಮೂರು ವರ್ಷಕ್ಕೆ, 1568ರಲ್ಲಿ, ಆದವಾನಿ ಕೋಟೆ ಬಿಜಾಪುರದ ಆದಿಲ್‌ಶಾಹಿಗಳ ಕೈಸೇರಿತು. ಬರೆಯುವ ಭಾಷೆಗಳು ಗಿಜಿಗುಟ್ಟತೊಡಗಿದ್ದು ಆಗ. ದರ್ಬಾರಿಗೆ ಪಾರಸಿ, ಹಳ್ಳಿಗೆ ಕನ್ನಡ, ತೆಲುಗು. ಲೆಕ್ಕಪತ್ರಗಳಲ್ಲಿ ಪಾರಸಿಯ ಬದಲು ದೇಶಭಾಷೆಯನ್ನು ತಂದು ಬ್ರಾಹ್ಮಣ ಲೆಕ್ಕಿಗರಿಗೆ ದೊಡ್ಡ ಅಧಿಕಾರ ಕೊಟ್ಟವನು ಮೊದಲನೆಯ ಇಬ್ರಾಹಿಂ ಆದಿಲ್‌ಶಾಹ ಎಂದು ಚರಿತ್ರೆಕಾರ ಫರಿಶ್ತಾ ಬರೆದಿದ್ದಾನೆ. ಕೋಟೆಯಲ್ಲಿ ಯಾರೇ ಕುಳಿತಿರಲಿ, ಎರಡು ಭಾಷೆ ಬಲ್ಲ ಒಬ್ಬ ಬರಹಗಾರ ಪಕ್ಕದಲ್ಲಿ ಇರಲೇಬೇಕಾಗಿತ್ತು.

ಮಂತ್ರಾಲಯದ ಭಕ್ತರೆಲ್ಲ ಬಲ್ಲ ವೆಂಕಣ್ಣನ ಐತಿಹ್ಯ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ತಂದೆತಾಯಿಯಿಲ್ಲದ ಹುಡುಗ, ಅಕ್ಷರ ಬಾರದು. ಊರಿಗೆ ಬಂದ ರಾಘವೇಂದ್ರ ಸ್ವಾಮಿಗಳು ಕಷ್ಟ ಬಂದಾಗ ತಮ್ಮನ್ನು ನೆನೆ ಎಂದು ಹರಸಿ ಹೋದರು. ಮುಂದೊಂದು ದಿನ ಆದವಾನಿಯ ನವಾಬ ಆ ದಾರಿಯಲ್ಲಿ ಬರುವಾಗ ಅವನ ಕೈಗೆ ಓಲೆಯೊಂದು ಬಂತು. ಎದುರಿಗಿದ್ದ ಹುಡುಗನಿಗೆ ಓದು ಎಂದ. ಬರುವುದಿಲ್ಲ ಎಂದರೆ ನವಾಬ ಕೇಳಲೊಲ್ಲ. ವೆಂಕಣ್ಣ ಗುರುಗಳನ್ನು ನೆನೆದ, ಓದಿದ. ಸುದ್ದಿ ಶುಭವಾಗಿತ್ತು. ಹುಡುಗ ಮುಂದೆ ದಿವಾನನಾದ. ಅವನ ಮೂಲಕವೇ ಆದವಾನಿಯ ನವಾಬ ಸಿದ್ದಿ ಮಸೂದ್ ಖಾನನಿಂದ ಮಂಚಾಲೆ ಗ್ರಾಮ, ಅಂದರೆ ಇಂದಿನ ಮಂತ್ರಾಲಯ, ಸ್ವಾಮಿಗಳಿಗೆ ಬಂತು. 1671ರಲ್ಲಿ ಅವರು ಬೃಂದಾವನ ಪ್ರವೇಶ ಮಾಡಿದ್ದು ಅಲ್ಲಿಯೇ. ಪವಾಡವನ್ನು ನಂಬುವುದು ಬಿಡುವುದು ಓದುಗರಿಗೆ ಸೇರಿದ್ದು. ಚರಿತ್ರೆ ಬರೆಯುವವರಿಗೆ ಅದರಲ್ಲಿ ಸಿಗುವ ಸಂಗತಿ ಇದು: ಕೋಟೆಯ ಒಡೆಯನ ಕೈಯಲ್ಲಿ ಕಾಗದವಿದೆ, ಓದಿ ಹೇಳಲು ಪರರೇ ಬೇಕು. ಆ ಕೆಲಸ ಬಲ್ಲವನಿಗೆ ದಿವಾನಗಿರಿಯ ತನಕ ಏಣಿಯಿತ್ತು.

ಅಕ್ಷರ ಬಾರದ ಒಡೆಯರು ಬರೀ ಐತಿಹ್ಯದವರಲ್ಲ. 1775ರಲ್ಲಿ ಬಳ್ಳಾರಿಗೆ ಮುತ್ತಿಗೆ ಹಾಕಿದ್ದ ಬಸಾಲತ್ ಜಂಗನ ಸೈನ್ಯದ ಮೇಲೆ ಹೈದರ್ ಅಲಿ ಎರಗಿ ಬಂದು ಓಡಿಸಿದ. ಬಸಾಲತ್ ಜಂಗ್ ನಿಜಾಮನ ತಮ್ಮ, ಆದವಾನಿಯ ಜಾಗೀರುದಾರ, ಅವನ ಗೋರಿ ಇಂದಿಗೂ ಆದವಾನಿಯಲ್ಲಿದೆ. ಗೆದ್ದ ಹೈದರನಿಗೆ ಓದು ಬರಹ ಬರುತ್ತಿರಲಿಲ್ಲ. ತನ್ನ ಹೆಸರಿನ ಮೊದಲ ಅಕ್ಷರ ಗೀಚಲು ಕಲಿತಿದ್ದನೆಂದೂ ಅದೂ ತಲೆಕೆಳಗಾಗಿರುತ್ತಿತ್ತೆಂದೂ ಚರಿತ್ರೆಕಾರ ವಿಲ್ಕ್ಸ್ ಹೇಳುತ್ತಾನೆ. ಉಳಿದ ಅಕ್ಷರಗಳೆಲ್ಲ ಮುನ್ಷಿಗಳವು.

ಕೋಟೆಯಿಂದ ಕೆಳಗಿಳಿದು ಹಳ್ಳಿಗೆ ಬಂದರೆ ಬರೆಯುವವನು ಕರಣಂ. ಮೈಸೂರು ಕಡೆಯವರ ಶಾನುಭೋಗ ಮದರಾಸು ಪ್ರಾಂತದ ಈ ಭಾಗದಲ್ಲಿ ಕರಣಂ ಎನಿಸಿಕೊಂಡ. ಹನ್ನೆರಡು ಆಯಗಾರರಲ್ಲಿ ಅವನೊಬ್ಬ. ಕಮ್ಮಾರ, ಬಡಿಗ, ಅಗಸರಂತೆ ಅವನಿಗೂ ಇನಾಮು ಭೂಮಿ ಉಂಟು, ಕಣದಲ್ಲಿ ಕಾಳಿನ ಪಾಲು ಉಂಟು. ಅವನ ಸಾಮಗ್ರಿ ಕಡತ ಮತ್ತು ಬಳಪ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಲಿನ ಕಪ್ಪು ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಜೋಡಿಸಿದ ಪುಸ್ತಕವೇ ಕಡತ. ಬಳಪದಲ್ಲಿ ಬರೆಯುವುದು, ಬೇಡವಾದರೆ ಅಳಿಸಿ ಮತ್ತೆ ಬಳಿದುಕೊಳ್ಳುವುದು. ಅಳಿಸಬಹುದಾದ ಲೆಕ್ಕ ಒಬ್ಬನ ಕೈಯಲ್ಲೇ ಇದ್ದರೆ ಏನಾಗುತ್ತದೆಂದು ರೈತರಿಗೆ ಚೆನ್ನಾಗಿ ಗೊತ್ತಿತ್ತು. ಊರಿನ ನೆಲದ ನೆನಪೆಲ್ಲ ಕರಣಂನ ಮನೆಯ ಗಂಟಿನಲ್ಲಿತ್ತು, ಗಂಟು ಬಿಚ್ಚಬೇಕಾದರೆ ಅವನ ಮರ್ಜಿ ಬೇಕಿತ್ತು.

1800ರ ಅಕ್ಟೋಬರ್ 12ರ ಒಪ್ಪಂದದಂತೆ ನಿಜಾಮ ಈ ಸೀಮೆಯನ್ನೆಲ್ಲ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದ. ರೈತವಾರಿ ಪದ್ಧತಿಗಾಗಿ ಒಂದೊಂದು ಹೊಲವನ್ನೂ ಅಳೆದು ಬರೆಸಬೇಕಿತ್ತು. 1802ರಲ್ಲಿ ಆರಂಭಿಸಿದಾಗ ಅವನ ಕಚೇರಿಯಲ್ಲಿ ಅಳತೆ ಬಲ್ಲ ಗುಮಾಸ್ತರು ನಾಲ್ಕೇ ಜನ. ಮುಂದೆ ಅವರು ನೂರಾದರು. ಈ ಹೊಸಬರಿಗೆ ಕೂಲಿ ಕೊಟ್ಟ ಬಗೆಯನ್ನು ಮನ್ರೋ ತಾನೇ ವಿವರಿಸಿದ್ದಾನೆ. ಮೊದಲು ತಿಂಗಳ ಸಂಬಳ. ಕೈ ಪಳಗಿದ ಮೇಲೆ ಎಕರೆ ಲೆಕ್ಕ. ಎಕರೆ ಲೆಕ್ಕವೆಂದರೆ ಅವಸರ, ಅವಸರವೆಂದರೆ ತಪ್ಪು. ಅದಕ್ಕಾಗಿ ಪ್ರತಿ ತಂಡದ ಮೇಲೆ ಒಬ್ಬ ಹಿರಿಯ ಮೋಜಣಿದಾರ, ಅಳೆದದ್ದರಲ್ಲಿ ಒಂದಂಶವನ್ನು ಅವನು ಮತ್ತೆ ಅಳೆಯಬೇಕು, ತಪ್ಪು ಗೊತ್ತುಮಾಡಿದ ಮಿತಿಯನ್ನು ಮೀರಿದರೆ ಅಳೆದವನ ಕೆಲಸ ಹೋಗುತ್ತದೆ. ಈಗ ಪದಕ್ಕಿಷ್ಟು ಎಂದು ಕೊಟ್ಟು ಬರೆಸುವ ಸಂಸ್ಥೆಗಳು ಸಂಪಾದಕನೊಬ್ಬನನ್ನು ಇಟ್ಟುಕೊಳ್ಳದೆ ಕೊಸರಾಡುವುದನ್ನು ನೋಡಿದರೆ, ಇನ್ನೂರು ವರ್ಷದ ಹಿಂದಿನ ಆ ಕಲೆಕ್ಟರನೇ ವಾಸಿ ಎನಿಸುತ್ತದೆ. ಮದರಾಸಿನ ಗವರ್ನರನಾಗಿ ಮತ್ತೆ ಈ ಕಡೆ ಬಂದ ಮನ್ರೋ 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ಸತ್ತ.

ಹತ್ತೊಂಬತ್ತನೆಯ ಶತಮಾನದ ಆ ಮೊದಲ ವರ್ಷಗಳಲ್ಲಿ ಇನ್ನೊಂದು ಬಗೆಯ ಬರಹಕ್ಕೂ ಬೇಡಿಕೆ ಬಂತು. ಕಂಪನಿಯ ಮೋಜಣಿ ಅಧಿಕಾರಿ ಕರ್ನಲ್ ಕಾಲಿನ್ ಮೆಕೆಂಜಿಗೆ ಊರೂರಿನ ಕಥೆ ಬೇಕಿತ್ತು. ಈ ಊರು ಯಾರು ಕಟ್ಟಿದ್ದು, ಕೆರೆ ಯಾರದು, ಪಾಳೆಯಗಾರ ಯಾರು, ತೆರಿಗೆ ಎಷ್ಟಿತ್ತು. ಅವನ ಜನ ಹಳ್ಳಿಗೆ ಬಂದು ಕರಣಂಗಳನ್ನು, ಮುದುಕರನ್ನು, ಪೂಜಾರಿಗಳನ್ನು ಕೇಳಿ ಕನ್ನಡ, ತೆಲುಗು, ಮರಾಠಿಗಳಲ್ಲಿ ಬರೆದುಕೊಂಡರು, ಇಲ್ಲವೇ ಬರೆಸಿಕೊಂಡರು. ಕೈಫಿಯತ್ತು ಎನಿಸಿಕೊಂಡ ಆ ಬರಹಗಳಲ್ಲಿ ಕನ್ನಡದವು ಎಂ.ಎಂ. ಕಲಬುರ್ಗಿಯವರ ಸಂಪಾದನೆಯಲ್ಲಿ ‘ಕರ್ನಾಟಕದ ಕೈಫಿಯತ್ತುಗಳು’ ಎಂಬ ಹೆಸರಿನಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಬಂದಿವೆ. ಕೇಳಿದವನಿಗೆ ಏನು ಬೇಕು ಎಂದು ಊಹಿಸಿ ಬರೆದದ್ದು ಅವುಗಳಲ್ಲಿ ಧಾರಾಳವಾಗಿದೆ. ತಮ್ಮ ಮಾನ್ಯದ ಭೂಮಿ ಉಳಿಯಬೇಕು ಎಂಬ ಕಾಳಜಿ ಸಾಲುಸಾಲಿನಲ್ಲಿ ಇಣುಕುತ್ತದೆ. ಹಾಗೆಂದು ಅವನ್ನು ತಳ್ಳಿಹಾಕಿದರೆ ನಮ್ಮ ಹಳ್ಳಿಗಳ ಚರಿತ್ರೆಯಲ್ಲಿ ಅರ್ಧ ಹೋಯಿತು.

ಈ ಇಡೀ ಕೆಲಸದ ಬೆನ್ನೆಲುಬು ಕಾವಲಿ ವೆಂಕಟ ಬೋರಯ್ಯ. ಅವನು 1803ರಲ್ಲಿ ತೀರಿಕೊಂಡ ಮೇಲೆ ತಮ್ಮ ಲಕ್ಷ್ಮಯ್ಯ ಹೊಣೆ ಹೊತ್ತ. ಭಾಷೆ ಬಲ್ಲವರು ಇವರು. ಮೆಕೆಂಜಿ ತನಗೆ ದೇಶಭಾಷೆಗಳು ಬಾರವೆಂದು ಒಪ್ಪಿಕೊಂಡವನು, ಬೋರಯ್ಯನ ಉಪಕಾರವನ್ನು ಬಾಯ್ತುಂಬ ನೆನೆದವನು. 1821ರಲ್ಲಿ ಮೆಕೆಂಜಿ ಸತ್ತ ಮೇಲೆ ಕಂಪನಿ ಅವನ ಹೆಂಡತಿಗೆ ಹತ್ತು ಸಾವಿರ ಪೌಂಡು ಕೊಟ್ಟು ಸಂಗ್ರಹವನ್ನು ಕೊಂಡುಕೊಂಡಿತು. ನಿಂತ ಕೆಲಸವನ್ನು ಮುಂದುವರಿಸುತ್ತೇನೆ ಎಂದು ಲಕ್ಷ್ಮಯ್ಯ 1830ರ ದಶಕದಲ್ಲಿ ಅರ್ಜಿ ಹಾಕಿದಾಗ, ಇಂಥ ಕೆಲಸವನ್ನು ನಡೆಸುವ ತಲೆ ದೇಶೀಯರಲ್ಲಿಲ್ಲ ಎಂಬ ಧಾಟಿಯಲ್ಲಿ ಏಷ್ಯಾಟಿಕ್ ಸೊಸೈಟಿಯ ಪ್ರಿನ್ಸೆಪ್ ತಳ್ಳಿಹಾಕಿದ. ಎರಡು ದಶಕ ನಡೆಸಿ ತೋರಿಸಿದವನಿಗೆ ಬಂದ ಉತ್ತರ ಅದು. ಸಂಗ್ರಹದ ಹೆಸರು ಇಂದಿಗೂ ಮೆಕೆಂಜಿ ಸಂಗ್ರಹ.

ಅಚ್ಚು ಬಂದದ್ದು ಪಾದ್ರಿಗಳ ಜೊತೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲ್ಲನ್ನು ಕನ್ನಡಕ್ಕೆ ತಿರುಗಿಸತೊಡಗಿದ. 1843ರಲ್ಲಿ ಮಂಗಳೂರಲ್ಲಿ ಪಾದ್ರಿ ಮೊಗ್ಲಿಂಗ್ ಹೊರಡಿಸಿದ ಕಲ್ಲಚ್ಚಿನ ಪತ್ರಿಕೆ ‘ಮಂಗಳೂರ ಸಮಾಚಾರ’, ಮರುವರ್ಷ ಮೊಳೆಯಚ್ಚಿನ ಅನುಕೂಲಕ್ಕಾಗಿ ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ ಆಯಿತು. ಆದವಾನಿ ಆಗ ಅದೇ ಜಿಲ್ಲೆಯ ತಾಲ್ಲೂಕು. 1871ರಲ್ಲಿ ಮದರಾಸಿನ ರೈಲು ಆದವಾನಿಯನ್ನು ದಾಟಿ ರಾಯಚೂರಿಗೆ ಹೋಗಿ ಬೊಂಬಾಯಿಯ ಹಳಿಗೆ ಕೂಡಿಕೊಂಡಿತು. ಎರೆಭೂಮಿಯ ಹತ್ತಿಗೆ ದೂರದ ಗಿರಾಕಿಗಳು ಸಿಕ್ಕರು. ಜಿನ್ನಿಂಗ್ ಮಿಲ್ಲುಗಳು, ಎಣ್ಣೆ ಗಾಣದ ಮಿಲ್ಲುಗಳು, ದಲಾಲಿ ಅಂಗಡಿಗಳು ಎದ್ದವು. ಎರಡನೇ ಬೊಂಬಾಯಿ ಎಂಬ ಹೆಮ್ಮೆಯ ಹೆಸರು ಊರಿಗೆ ಅಂಟಿಕೊಂಡಿತು.

ದಲಾಲಿ ಅಂಗಡಿಯ ಜೀವಾಳ ಗುಮಾಸ್ತ. ಆದರೆ ಅವನು ಬರೆದದ್ದು ಲೆಕ್ಕ ಮತ್ತು ಪತ್ರ. ಊರಿಗೆಲ್ಲ ಹೇಳುವ ಮಾತು ಬೇರೆಯವರ ಪಾಲಿಗೆ ಸೇರಿತ್ತು. ಸರ್ಕಾರದ ಸುದ್ದಿಗೆ ಡಂಗುರ, ನಾಟಕಕ್ಕೂ ಮುಂದೆ ಸಿನಿಮಾಕ್ಕೂ ಕರಪತ್ರ. ನಾಟಕ ಕಂಪನಿಗಳ ಕರಪತ್ರವನ್ನು ಬರೆದವರು ಯಾರೆಂದು ಯಾವ ಚರಿತ್ರೆಯಲ್ಲೂ ಇಲ್ಲ. ಒಂದು ನಾಟಕಕ್ಕೆ ಎರಡು ಹೆಸರಿಟ್ಟು ನಡುವೆ ‘ಅರ್ಥಾತ್’ ಎಂದು ಸೇರಿಸಿ ಜನರ ಕುತೂಹಲ ಕೆರಳಿಸುವ ಕಲೆ ಅವರದು. ಕನ್ನಡ ಜಾಹೀರಾತಿನ ಚರಿತ್ರೆ ಬರೆಯುವವರು ಅಲ್ಲಿಂದಲೇ ತೊಡಗಬೇಕು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ಮೊದಲಾದ ಏಳು ತಾಲ್ಲೂಕುಗಳು ಮೈಸೂರಿಗೆ ಬಂದವು. ಆದವಾನಿ, ಆಲೂರು ಕರ್ನೂಲಿಗೆ, ರಾಯದುರ್ಗ ಅನಂತಪುರಕ್ಕೆ ಹೋದವು. ಹೊಲ ಎಲ್ಲಿತ್ತೋ ಅಲ್ಲೇ ಇತ್ತು, ಅದರ ಕಾಗದದ ಭಾಷೆ ಬದಲಾಯಿತು. ಹೊಳಗುಂದ, ಹಾಲಹರವಿ, ಕೌತಾಳಂ ಕಡೆಯ ಹಳ್ಳಿಗಳಲ್ಲಿ ಮನೆಮಾತು ಕನ್ನಡವಾಗಿರುವ ರೈತ ಹೊಲ ಮಾರುವಾಗ ಕ್ರಯಪತ್ರ ತೆಲುಗಿನಲ್ಲಿ ಆಗಬೇಕು. ಅಂದಿನಿಂದ ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದೆ ಕೂರುವ ದಸ್ತಾವೇಜು ಲೇಖರಿಯ ಮಹತ್ವ ಹೆಚ್ಚಿತು. ಬಳ್ಳಾರಿ ಕಡೆಯವರ ಬಾಂಡ್ ರೈಟರ್ ಇವನೇ. ರೈತ ಕನ್ನಡದಲ್ಲಿ ಹೇಳುವುದು, ಅವನು ತೆಲುಗಿನಲ್ಲಿ ಬರೆಯುವುದು, ಮತ್ತೆ ಕನ್ನಡದಲ್ಲಿ ಓದಿ ಹೇಳುವುದು. ಚೆಕ್ಕುಬಂದಿಯಲ್ಲಿ ಪೂರ್ವಕ್ಕೂ ಪಶ್ಚಿಮಕ್ಕೂ ಅದಲುಬದಲಾದರೆ ಎರಡು ತಲೆಮಾರು ಕೋರ್ಟಿಗೆ ತಿರುಗಬೇಕಾಗುತ್ತದೆ. ಹಾಗಾಗಿಯೇ ಪತ್ರದ ಕೊನೆಯಲ್ಲಿ ಬರೆದವನ ಬಿಕ್ಕಲಂ, ಅಂದರೆ ಇದನ್ನು ಬರೆದವನು ತಾನೇ ಎಂಬ ರುಜು, ಇರುತ್ತದೆ. ತಕರಾರು ಬಂದರೆ ಅವನನ್ನೂ ಸಾಕ್ಷಿಗೆ ಕರೆಸಬಹುದು. ಕೂಲಿಯ ಬರಹದಲ್ಲಿ ಬರೆದವನ ಹೆಸರು ಇಂದಿಗೂ ತಪ್ಪದೆ ಉಳಿದಿರುವ ಒಂದು ಜಾಗ ಇದು.

ಇನ್ನೊಬ್ಬ ಬರಹಗಾರ ಅಂಚೆಕಚೇರಿಯ ಜಗಲಿಯವನು. ಕೋಸಿಗಿ, ಕೌತಾಳಂ, ಆದವಾನಿ ಮಂಡಲಗಳಿಂದ ಮಳೆ ಕೈಕೊಟ್ಟ ವರ್ಷ ಊರಿಗೆ ಊರೇ ಗುಳೆ ಹೋಗುವುದುಂಟು. ಗುಂಟೂರಿನ ಮೆಣಸಿನಕಾಯಿ ಹೊಲಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ಅಕ್ಷರಸ್ಥರ ಪ್ರಮಾಣ ಆಂಧ್ರದಲ್ಲೇ ತೀರ ಕಡಿಮೆಯಿರುವ ಮಂಡಲಗಳ ಸಾಲಿಗೆ ಕೋಸಿಗಿ ಸೇರುತ್ತದೆ. ಇಂಥ ಕಡೆ ಮನಿಯಾರ್ಡರ್ ಫಾರ್ಮಿನ ಕೆಳಗಿನ ನಾಲ್ಕು ಸಾಲಿನಲ್ಲಿ ಸಂಸಾರದ ಸುದ್ದಿಯನ್ನೆಲ್ಲ ತುರುಕುವುದು ಸಣ್ಣ ವಿದ್ಯೆಯಾಗಿರಲಿಲ್ಲ. ಮೊಬೈಲಿನ ಧ್ವನಿಸಂದೇಶ ಬಂದು ಆ ಕಸುಬು ಮುಗಿಯಿತು.

ಕರಣಂ ಹೋದದ್ದು ಸರ್ಕಾರದ ಆಜ್ಞೆಯಿಂದ. ಕರ್ನಾಟಕ 1961ರ ಕಾಯ್ದೆಯಿಂದಲೇ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಮಾಡಿತ್ತು. ಆಂಧ್ರದಲ್ಲಿ ಅದು ಎನ್.ಟಿ. ರಾಮರಾವ್ ಮುಖ್ಯಮಂತ್ರಿಯಾದ ಮೇಲೆ, 1984ರಲ್ಲಿ, ಒಂದೇ ಏಟಿಗೆ ಆಯಿತು. ಮನೆಮನೆಯ ಗಂಟುಗಳು ಬಿಚ್ಚಿ ಕಚೇರಿಗೆ ಬಂದವು. ಬಾರದೆ ಉಳಿದವೂ ಇವೆ ಎಂದು ಹಳ್ಳಿಯವರು ನಗುತ್ತಾರೆ.

2022ರ ಏಪ್ರಿಲ್‌ನಲ್ಲಿ ನಂದ್ಯಾಲ ಬೇರೆ ಜಿಲ್ಲೆಯಾದ ಮೇಲೆ ಕರ್ನೂಲು ಜಿಲ್ಲೆಯೆಂದರೆ ಹೆಚ್ಚೂಕಡಿಮೆ ಹಳೆಯ ಪಡುವಣ ಭಾಗ ಮಾತ್ರ. ಅದರಲ್ಲಿ ಕನ್ನಡ ಬರಹಕ್ಕೆ ಹಣ ಕೊಡುವ ಗಿರಾಕಿ ಎಲ್ಲಾದರೂ ಇದ್ದರೆ ಅದು ಮಂತ್ರಾಲಯದಲ್ಲಿ. ಅಲ್ಲಿಗೆ ಬರುವ ಭಕ್ತರಲ್ಲಿ ಕರ್ನಾಟಕದವರದೇ ದೊಡ್ಡ ಪಾಲು. ಬೋರ್ಡುಗಳು ಕನ್ನಡದಲ್ಲಿ, ಹೋಟೆಲಿನ ಮಾತು ಕನ್ನಡದಲ್ಲಿ. ವಸತಿಗೃಹದವನಿಗೂ ಟ್ಯಾಕ್ಸಿಯವನಿಗೂ ಈ ಗಿರಾಕಿ ಫೋನಿನಲ್ಲಿ ಹುಡುಕುವಾಗಲೇ ಕನ್ನಡದಲ್ಲಿ ಸಿಗಬೇಕಾಗಿದೆ. ಆದ್ದರಿಂದ ಕೋಣೆಯ ವಿವರ, ದರ್ಶನದ ಹೊತ್ತು, ತುಂಗಭದ್ರೆಯ ಸ್ನಾನಘಟ್ಟ, ಸುತ್ತಲ ಕ್ಷೇತ್ರಗಳ ಪರಿಚಯ ಎಲ್ಲವನ್ನೂ ಬರೆಸಬೇಕು. ಸುಲಭದ ದಾರಿಯೆಂದು ಯಂತ್ರದಿಂದ ಅನುವಾದ ಮಾಡಿಸಿದರೆ ಕನ್ನಡ ಕನ್ನಡದಂತೆ ಇರುವುದಿಲ್ಲ, ಓದಿದವನು ನಕ್ಕು ಮುಂದೆ ಹೋಗುತ್ತಾನೆ. ಎರಡು ಭಾಷೆಯ ನಡುವೆ ಬೆಳೆದ ಆದವಾನಿ ಕಡೆಯ ಹುಡುಗ ಹುಡುಗಿಯರಿಗೆ ಇದು ಹೇಳಿಮಾಡಿಸಿದ ಕೆಲಸ. ಅದೇ ಕೈ ತೆಲುಗಿನಲ್ಲೂ ಬರೆಯಬಲ್ಲದು.

ಆದರೆ ಸಭಾಪತಿಗೆ ಇದ್ದದ್ದು ಇವರಿಗಿಲ್ಲ. ಬರಹದ ಕೆಳಗೆ ಹೆಸರಿಲ್ಲ, ಕೂಲಿಯ ಮಾತು ವಾಟ್ಸಪ್ಪಿನ ಎರಡು ಸಾಲಿನಲ್ಲಿ ಮುಗಿದಿರುತ್ತದೆ. ಎಷ್ಟು ಸಲ ತಿದ್ದಿಕೊಡಬೇಕು ಎಂಬುದು ಜಗಳವಾದ ಮೇಲೆ ಗೊತ್ತಾಗುತ್ತದೆ. ಅಶೋಕನ ಕಾಲದಿಂದ ಬಂದ ಹಂಚಿಕೆಯಲ್ಲಿ ತಪ್ಪಿನ ಪಾಲು ಮಾತ್ರ ಬರೆದವರಿಗೆ ಉಳಿದಿದೆ.

ಕಾನೂನು ಇದಕ್ಕಿಂತ ಉದಾರವಾಗಿದೆ ಎಂಬುದು ಬರೆಸುವವರಿಗೂ ಬರೆಯುವವರಿಗೂ ತಿಳಿದಿರುವುದು ಒಳ್ಳೆಯದು. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದದ್ದು, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕನದು. ಹೊರಗಿನವರಿಂದ ಹಣ ಕೊಟ್ಟು ಬರೆಸಿದ ಬರಹ ಹಾಗಲ್ಲ. ಅದರ ಮೊದಲ ಹಕ್ಕುದಾರ ಬರೆದವನೇ. ಆ ಹಕ್ಕು ಕೈಬದಲಾಗಬೇಕಾದರೆ ಬರೆದವನ ರುಜು ಇರುವ ಪತ್ರ ಬೇಕು. ಪತ್ರದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಎಂದು ತಿಳಿಯಬೇಕು. ಹಕ್ಕು ಮಾರಿದ ಮೇಲೂ ಇದು ತಾನು ಬರೆದದ್ದು ಎಂದು ಹೇಳಿಕೊಳ್ಳುವ ಅಧಿಕಾರ 57ನೆಯ ಕಲಮಿನಂತೆ ಬರೆದವನಿಗೆ ಇದೆ. ಇನ್ನು ಕೂಲಿಯ ಮಾತು. ಉದ್ಯಮ್ ನೋಂದಣಿ ಮಾಡಿಸಿಕೊಂಡ ಬರಹಗಾರರಿಗೆ, 2006ರ ಸಣ್ಣ ಉದ್ದಿಮೆಗಳ ಕಾಯ್ದೆಯಂತೆ, ಕೆಲಸ ಒಪ್ಪಿಕೊಂಡ ದಿನದಿಂದ ಹೆಚ್ಚೆಂದರೆ 45 ದಿನದಲ್ಲಿ ಹಣ ಸಲ್ಲಬೇಕು, ತಡವಾದರೆ ಬಡ್ಡಿ ಸೇರಿಸಿ.

ಆದ್ದರಿಂದ ಮಂತ್ರಾಲಯದ ವಸತಿಗೃಹದ ಯಜಮಾನರೇ ಆಗಲಿ, ಆದವಾನಿಯ ಹತ್ತಿ ಮಂಡಿಯವರೇ ಆಗಲಿ, ಬರಹಗಾರರನ್ನು ಗೊತ್ತುಮಾಡುವ ಮೊದಲು ಒಂದು ಹಾಳೆ ತೆಗೆದುಕೊಳ್ಳಲಿ. ಎಷ್ಟು ಬರಹ, ಎಷ್ಟು ಹಣ, ಯಾವ ತಾರೀಖು, ತಿದ್ದುಪಡಿ ಎಷ್ಟು ಸಲ, ಹಕ್ಕು ಯಾರದು, ಹೆಸರು ಹಾಕುವುದೋ ಇಲ್ಲವೋ ಇಷ್ಟನ್ನು ಬರೆದು ಇಬ್ಬರೂ ರುಜು ಹಾಕಲಿ. ಅದಕ್ಕೆ ದಸ್ತಾವೇಜು ಲೇಖರಿಯೂ ಬೇಕಿಲ್ಲ.